ಕ್ಯಾಮೆರಾ ಎಡಕ್ಕೋ, ಬಲಕ್ಕೋ?

ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ತೆರೆಕಂಡಾಗ, ಕುಲುಕಾಟವಿಲ್ಲದೆ ಕ್ಯಾಮೆರಾ ಹೊತ್ತು ನಡೆಯಲು ನೆರವಾಗುವ ಸ್ಟೆಡಿಕ್ಯಾಮ್ ಎಂಬುದೇ ಇರಲಿಲ್ಲ. ಚಿತ್ರದುರ್ಗದ ಬಂಡೆಗಳ ನಡುವೆ ಕ್ಯಾಮೆರಾ ನಡೆದಾಡಬೇಕೆಂದರೆ ಹಳಿ ಹಾಸಿ ಟ್ರಾಲಿ ತಳ್ಳಬೇಕಿತ್ತು, ಇಲ್ಲವೇ ಹೆಗಲ ಮೇಲೆ ಹೊತ್ತು ಕುಲುಕಾಟ ಸಹಿಸಬೇಕಿತ್ತು. ಅಮೆರಿಕದ ಗ್ಯಾರೆಟ್ ಬ್ರೌನ್ ಕಂಡುಹಿಡಿದ ಈ ಸಾಧನ ‘ಬೌಂಡ್ ಫಾರ್ ಗ್ಲೋರಿ’, ‘ರಾಕಿ’ ಚಿತ್ರಗಳಲ್ಲಿ ಮೊದಲು ಕೆಲಸ ಮಾಡಿದ್ದು 1976ರಲ್ಲಿ. ಈಗ ಅದರ ಅಗ್ಗದ ತಮ್ಮಂದಿರು ಹೊಸದುರ್ಗ, ಹೊಳಲ್ಕೆರೆಯ ಛತ್ರಗಳಿಗೂ ಬಂದಿದ್ದಾರೆ.

ಸ್ಟೆಡಿಕ್ಯಾಮಿನಲ್ಲಿ ಮೂರು ಭಾಗ. ಮೈಗೆ ಬಿಗಿದುಕೊಳ್ಳುವ ವೆಸ್ಟ್, ಅದಕ್ಕೆ ಸಿಕ್ಕಿಸುವ ಸ್ಪ್ರಿಂಗಿನ ಆರ್ಮ್, ಆರ್ಮಿನ ತುದಿಯಲ್ಲಿ ತೂಗುವ ಕಂಬ. ಕಂಬದ ಮೇಲ್ತುದಿಯಲ್ಲಿ ಕ್ಯಾಮೆರಾ, ಕೆಳತುದಿಯಲ್ಲಿ ಮಾನಿಟರ್ ಮತ್ತು ಬ್ಯಾಟರಿ. ಇಡೀ ಕಂಬದ ತೂಕ ಸಮವಾಗುವ ಬಿಂದುವಿಗಿಂತ ತುಸು ಮೇಲೆ ಗಿಂಬಲ್, ಅಂದರೆ ಕಂಬ ಎಲ್ಲ ದಿಕ್ಕಿಗೂ ಸರಾಗವಾಗಿ ತಿರುಗಲು ಬಿಡುವ ಕೀಲು. ಕಂಬವನ್ನು ಅಡ್ಡಕ್ಕೆ ಮಲಗಿಸಿ ಬಿಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ನಿಧಾನವಾಗಿ ನೇರವಾಗಬೇಕು. ತೂಕ ಕೂಡಿದೆ ಎಂಬುದಕ್ಕೆ ಅದೇ ಪರೀಕ್ಷೆ.

ಈ ಕಂಬ ಮೈಯ ಯಾವ ಮಗ್ಗುಲಲ್ಲಿ ತೂಗಬೇಕು? ಹೆಚ್ಚಿನವರಿಗೆ ಅದು ಎಡಮಗ್ಗುಲಲ್ಲಿ. ಆರ್ಮ್ ವೆಸ್ಟಿನ ಬಲಬದಿಯಿಂದ ಹೊರಟು ಎದೆಯ ಮುಂದೆ ಹಾದು ಎಡಕ್ಕೆ ಬರುತ್ತದೆ. ಇವರು ರೆಗ್ಯುಲರ್. ಕಂಬ ಬಲಕ್ಕಿರುವವರನ್ನು, ಕಡಲಲೆಯ ಮೇಲೆ ಹಲಗೆ ಆಡುವವರ ಮಾತು ಎರವಲು ಪಡೆದು, ಗೂಫಿ ಎನ್ನುತ್ತಾರೆ. ಹೆಸರು ಗೇಲಿಯಂತೆ ಕೇಳಿಸಿದರೂ ಕೆಲಸದಲ್ಲಿ ಇವರೇನೂ ಕಡಿಮೆಯಲ್ಲ.

ಬಲಗೈಯವರೇ ಹೆಚ್ಚು, ಆದ್ದರಿಂದ ನಾಜೂಕಿನ ಕೆಲಸವೂ ಬಲಗೈಯದೇ ಇರಬೇಕು ಅನ್ನಿಸುತ್ತದೆ. ಆಗುವುದು ತಿರುಗಾಮುರುಗಾ. ರೆಗ್ಯುಲರ್ ಆಪರೇಟರ್‌ನ ಬಲಗೈ ಗಿಂಬಲ್ಲಿನ ಹಿಡಿ ಹಿಡಿದು ಕ್ಯಾಮೆರಾವನ್ನು ಏರಿಸುತ್ತದೆ, ಇಳಿಸುತ್ತದೆ, ಮೈಗೆ ಹತ್ತಿರ ಇಟ್ಟುಕೊಳ್ಳುತ್ತದೆ. ಚೌಕಟ್ಟನ್ನು ತಿರುಗಿಸುವುದು, ಬಾಗಿಸುವುದು, ನಿಲ್ಲಿಸುವುದು ಎಡಗೈಯ ಹೆಬ್ಬೆರಳು ಮತ್ತು ಎರಡು ಬೆರಳು, ಅವೂ ಕಂಬವನ್ನು ಮುಟ್ಟಿಯೂ ಮುಟ್ಟದಂತೆ. ವೀಣೆಯಲ್ಲಿ ಬಲಗೈ ಮೀಟಿದರೂ ಗಮಕ ಹುಟ್ಟುವುದು ಎಡಗೈಯಲ್ಲಿ ತಾನೇ? ಹಾಗಾಗಿ ‘ನಾನು ಎಡಚ, ನನಗೆ ಗೂಫಿಯೇ ಸರಿ’ ಎಂದು ಮೊದಲೇ ತೀರ್ಮಾನಿಸುವುದರಲ್ಲಿ ಅರ್ಥವಿಲ್ಲ.

ಕೈಗಿಂತ ಹೆಚ್ಚಾಗಿ ಮಗ್ಗುಲಿನ ಮಹತ್ವ ತಿಳಿಯುವುದು ಜಾಗದಲ್ಲಿ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ದಾರಿ ಬಾಗಿಲಿನಿಂದ ಬಾಗಿಲಿಗೆ ನೇರವಾಗಿ ಹೋಗುವುದಿಲ್ಲ; ನುಗ್ಗಿ ಬರುವ ಶತ್ರು ಅಲ್ಲಲ್ಲಿ ತಡೆದು ತಿರುಗಲಿ ಎಂದೇ ಹಾಗೆ ಕಟ್ಟಿದ್ದಾರೆ. ಆ ತೊಡಕು ಇಂದು ಕ್ಯಾಮೆರಾದವರಿಗೂ ತಪ್ಪಿದ್ದಲ್ಲ. ಕಂಬ ಎಡಕ್ಕಿದ್ದಾಗ ಗೋಡೆ ಬಲಕ್ಕಿರಬೇಕು. ಎಡತಿರುವಿನಲ್ಲಿ ಒಳಮೂಲೆಯ ಕಲ್ಲಿಗೆ ಮೊದಲು ತಗಲುವುದು ಕ್ಯಾಮೆರಾ, ಆದ್ದರಿಂದ ಅಲ್ಲಿ ಅಗಲವಾಗಿ ಬಳಸಿ ಬರಬೇಕು. ಗೂಫಿಗೆ ಇದೇ ಪಾಠ ಬಲತಿರುವಿನಲ್ಲಿ. ಮೆಟ್ಟಿಲೇರುವ ನಟರಿಗೆ ಮುಂದಾಗಿ ಹೋಗಬೇಕಾದರೆ ಆಪರೇಟರ್ ಮುಂದಕ್ಕೇ ನಡೆಯುತ್ತಾನೆ, ಕ್ಯಾಮೆರಾ ಮಾತ್ರ ಅವನ ಮಗ್ಗುಲಲ್ಲಿ ಹಿಂದಕ್ಕೆ ನೋಡುತ್ತದೆ. ಈ ಭಂಗಿಯ ಹೆಸರು ಡಾನ್ ವಾನ್. ಬಂಡೆಯಲ್ಲಿ ಕಡಿದ ಮೆಟ್ಟಿಲನ್ನು ಹಿಮ್ಮುಖವಾಗಿ ಹತ್ತುವುದಕ್ಕಿಂತ ಇದು ಎಷ್ಟೋ ವಾಸಿ.

ಅದೇ ಕೋಟೆಯ ಇಕ್ಕಟ್ಟಾದ ಒನಕೆ ಓಬವ್ವನ ಕಿಂಡಿಯಲ್ಲಿ ಎರಡು ಮಗ್ಗುಲೂ ಸೋಲುತ್ತವೆ. ಅಲ್ಲಿ ವೆಸ್ಟ್ ಬಿಚ್ಚಿಟ್ಟು ಕೈಯಲ್ಲಿ ಹಿಡಿಯುವ ಮೋಟಾರ್ ಗಿಂಬಲ್ಲೇ ಗತಿ. (ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕ. ಚಿತ್ರೀಕರಣಕ್ಕೆ ಮುಂಚೆಯೇ ಅನುಮತಿ ಬೇಕು.)

ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವದಲ್ಲಿ ಲೆಕ್ಕ ಬೇರೆ. ತೇರಿನ ಬಲಗಡೆ, ಅದರ ಜೊತೆಗೇ ನಡೆದರೆ ತೇರು ನಮ್ಮ ಎಡಕ್ಕೆ ಬರುತ್ತದೆ. ರೆಗ್ಯುಲರ್ ಆಪರೇಟರ್‌ಗೆ ನೋಟ ತೆರವು. ತೇರಿನ ಎಡಗಡೆ ಗೂಫಿಯ ಜಾಗ. ಇಬ್ಬರು ಸಿಕ್ಕರೆ ಎರಡೂ ಕಡೆ ನಿಲ್ಲಿಸಿಬಿಡಬಹುದು. ಆದರೆ ಪ್ರದಕ್ಷಿಣೆಯಲ್ಲಿ ದೇವರು ಯಾವಾಗಲೂ ಬಲಕ್ಕೆ, ಮದುವೆಯಲ್ಲಿ ಅಗ್ನಿಯೂ ಬಲಕ್ಕೆ. ಜೊತೆಗೆ ಸುತ್ತುವ ರೆಗ್ಯುಲರ್ ಆಪರೇಟರ್ ತನ್ನ ಎದೆಯ ಮುಂದಿನಿಂದ ಅಡ್ಡಕ್ಕೆ ನೋಡಬೇಕು, ಇಲ್ಲವೇ ಓರೆಯಾಗಿ ಹೆಜ್ಜೆ ಇಡಬೇಕು. ನಮ್ಮ ಆಚಾರಗಳಲ್ಲಿ ಗೂಫಿಗೆ ಅನುಕೂಲ ಹೆಚ್ಚು ಎಂಬುದನ್ನು ಯಾವ ಕೈಪಿಡಿಯೂ ಹೇಳಿದಂತಿಲ್ಲ.

ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಸಮತೂಕದ ಕಂಬವನ್ನು ತಿರುಗಿಸಲು ಒಂದು ಬೆರಳು ಸಾಕು ಎಂದ ಮೇಲೆ ಒಂದು ಬೀಸುಗಾಳಿಯೂ ಸಾಕು. ಗಾಳಿ ಬಲದಿಂದ ಬಂದರೆ ರೆಗ್ಯುಲರ್ ಆಪರೇಟರ್‌ನ ಮೈಯೇ ಕ್ಯಾಮೆರಾಕ್ಕೆ ಮರೆ. ಎಡದಿಂದ ಬಂದರೆ ಸಹಾಯಕನೊಬ್ಬ ಪರದೆ ಹಿಡಿದು ಪಕ್ಕದಲ್ಲೇ ಓಡಬೇಕು.

ಹೆಚ್ಚಿನ ವೆಸ್ಟ್‌ಗಳಲ್ಲಿ ಆರ್ಮ್ ಸಿಕ್ಕಿಸುವ ಗಟ್ಟಿಯನ್ನು ತಿರುಗಿಸಿ ಹಾಕಿದರೆ ಮಗ್ಗುಲು ಬದಲಾಗುತ್ತದೆ. ಬೆರಳುಗಳ ಅಭ್ಯಾಸ ಅಷ್ಟು ಸುಲಭಕ್ಕೆ ಬದಲಾಗದು, ಆದ್ದರಿಂದ ಬಹುಪಾಲು ಮಂದಿ ಒಂದೇ ಮಗ್ಗುಲಿಗೆ ಅಂಟಿಕೊಳ್ಳುತ್ತಾರೆ. ಹೊಸಬರು ವೆಸ್ಟ್ ಕೊಳ್ಳುವ ಮುಂಚೆ ಬಾಡಿಗೆಗೆ ತಂದು ಎರಡೂ ಕಡೆ ನಡೆದು ನೋಡಲಿ. ನೇರ ಗೆರೆ, ಎರಡು ತಿರುವು, ನಾಲ್ಕು ಮೆಟ್ಟಿಲು ಇದ್ದರೆ ಸಾಕು. ಸೊಂಟದಲ್ಲಿ ಭಾರ ಕೂತು ಬೆರಳು ಸಡಿಲವಾಗಿ ಉಳಿಯುವುದು ಯಾವ ಮಗ್ಗುಲಲ್ಲೋ ಆ ಮಗ್ಗುಲನ್ನೇ ಹಿಡಿಯುವುದು ಒಳ್ಳೆಯದು. ನಿರ್ದೇಶಕರೂ ಆಪರೇಟರ್‌ನನ್ನು ಗೊತ್ತುಮಾಡುವಾಗಲೇ ಇದನ್ನು ಕೇಳಿಕೊಂಡು ನಟರ ನಡಿಗೆಯ ದಾರಿ ಹಾಕಿಕೊಳ್ಳಬೇಕು.