ಕೃಪಾಣವೂ ಅಡಿಗೆಯ ಚೂರಿಯೂ

ನಾವು ಹೋಟೆಲು ನಡೆಸುತ್ತಿದ್ದ ಕಾಲದ ಸಂಗತಿ. ನಮ್ಮ ಅಡಿಗೆಯ ಭಟ್ಟರೊಬ್ಬರು ಮದುವೆಯೊಂದರ ಅಡಿಗೆ ಮುಗಿಸಿ, ತರಕಾರಿ ಹೆಚ್ಚುವ ಎರಡು ಚೂರಿಗಳನ್ನು ಪಂಚೆಯಲ್ಲಿ ಸುತ್ತಿಕೊಂಡು ನಡುರಾತ್ರಿ ಕೊಠಡಿಗೆ ಮರಳುತ್ತಿದ್ದರು. ಬೀದಿಯ ತಿರುವಿನಲ್ಲಿ ಪೋಲೀಸರು ತಡೆದರು. ಭಟ್ಟರಿಗೆ ಅಲ್ಲಿಯ ಭಾಷೆ ಸರಿಯಾಗಿ ಬಾರದು. ಬೆಳಗಿನವರೆಗೆ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದವರನ್ನು ನಾವು ಹೋಗಿ ಬಿಡಿಸಿಕೊಂಡು ಬಂದೆವು. ದಾರಿಯಲ್ಲಿ ಅವರು ಕೇಳಿದರು: “ರಾಯರೇ, ಅದೇ ಹೊತ್ತಿಗೆ ಹಾದುಹೋದ ಸಿಖ್ಖರ ಸೊಂಟದಲ್ಲಿಯೂ ಕತ್ತಿ ಇತ್ತಲ್ಲ, ಅವರನ್ನು ಯಾರೂ ಕೇಳಲಿಲ್ಲವೇಕೆ?”

ಪ್ರಶ್ನೆ ಸಹಜವಾದುದು. ಉತ್ತರವು ನಮ್ಮ ಸಂವಿಧಾನದಲ್ಲಿಯೇ ಇದೆ. ಕೃಪಾಣವನ್ನು ಧರಿಸುವುದೂ ಒಯ್ಯುವುದೂ ಸಿಖ್ ಧರ್ಮದ ಅನುಸರಣೆಯಲ್ಲಿ ಸೇರಿದುದೆಂದು 25ನೆಯ ಅನುಚ್ಛೇದದ ವಿವರಣೆಯು ಹೇಳುತ್ತದೆ. 1699ರಲ್ಲಿ ಗುರು ಗೋವಿಂದ ಸಿಂಹರು ಆನಂದಪುರದಲ್ಲಿ ಖಾಲ್ಸಾ ಪಂಥವನ್ನು ಸ್ಥಾಪಿಸಿದರಷ್ಟೆ. ಆ ದೀಕ್ಷೆ ಪಡೆದವರಿಗೆ ಕೃಪಾಣವು ಆಭರಣವಲ್ಲ, ವ್ರತ.

ಹಾಗೆಂದು ಭಟ್ಟರ ಚೂರಿಯೂ ಅಪರಾಧವಾಗಿರಲಿಲ್ಲ. ಕೇವಲ ಮನೆಬಳಕೆಗೆ ಅಥವಾ ಬೇಸಾಯಕ್ಕೆಂದು ಮಾಡಿದ ಸಾಧನಗಳನ್ನು 1959ರ ಆಯುಧ ಕಾಯಿದೆಯು ಆಯುಧಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಕೃಪಾಣವನ್ನು ಕಂಡೊಡನೆ ಅದರ ಉದ್ದೇಶ ತಿಳಿಯುತ್ತದೆ. ಪಂಚೆಯ ಗಂಟಿನೊಳಗಿನ ಚೂರಿಯ ಉದ್ದೇಶವನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ 1988ರ ಕಾಯಿದೆಯು ಸಾರ್ವಜನಿಕ ಸ್ಥಳದಲ್ಲಿ ಚೂರಿ ಒಯ್ಯುವುದನ್ನು ನಿಷೇಧಿಸಿದೆ. ಮೂರು ಅಂಗುಲದೊಳಗಿನ ಅಲಗಿನ ಮಡಿಸುವ ಚಾಕುವಿಗೆ ಮಾತ್ರ ತಡೆಯಿಲ್ಲ. ಇತರ ಚೂರಿಗಳಾದರೆ, ಕೆಲಸಕ್ಕಾಗಿ, ಧರ್ಮಕ್ಕಾಗಿ ಅಥವಾ ರಾಷ್ಟ್ರೀಯ ಉಡುಪಿನ ಅಂಗವಾಗಿ ಒಯ್ದೆನೆಂದು ಹೇಳಿ ಪಾರಾಗಬಹುದು. ಆದರೆ ಅದನ್ನು ರುಜುವಾತುಪಡಿಸುವ ಹೊಣೆ ಒಯ್ದವನದೇ. ಅಲ್ಲಿ ಸಿಖ್ಖನೂ ಅಡಿಗೆಯವನೂ ಒಂದೇ ಸಾಲಿನಲ್ಲಿ ನಿಂತಿರುವುದನ್ನು ನಮ್ಮ ವಾಚಕರು ಗಮನಿಸಬೇಕು.

ಕೆನಡಾದಲ್ಲಿ 2001ರಲ್ಲಿ ಶಾಲಾಬಾಲಕನೊಬ್ಬನ ಕೃಪಾಣವು ಅಂಗಳದಲ್ಲಿ ಬಿದ್ದು ವ್ಯಾಜ್ಯವಾಯಿತು. 2006ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಪೂರ್ಣ ನಿಷೇಧವನ್ನು ರದ್ದುಗೊಳಿಸಿತು. ನೂರು ವರ್ಷಗಳಲ್ಲಿ ಶಾಲೆಗಳಲ್ಲಿ ಕೃಪಾಣದಿಂದ ಹಿಂಸೆ ನಡೆದ ಒಂದು ವರದಿಯೂ ಇಲ್ಲವೆಂದೂ, ಕತ್ತರಿ ಮೊದಲಾದವು ಶಾಲೆಯಲ್ಲಿ ಸುಲಭವಾಗಿ ದೊರೆಯುತ್ತವೆಂದೂ ನ್ಯಾಯಾಧೀಶರು ಗಮನಿಸಿದರು. ಮರದ ಒರೆಯಲ್ಲಿಟ್ಟು, ಬಟ್ಟೆಯಲ್ಲಿ ಹೊಲಿದು, ಉಡುಪಿನೊಳಗೆ ಧರಿಸುವ ಷರತ್ತುಗಳು ಸಾಕೆನಿಸಿದವು. ನಮ್ಮಲ್ಲಿಯೂ ದೇಶದೊಳಗಿನ ವಿಮಾನಗಳಲ್ಲಿ ಆರು ಅಂಗುಲದ ಅಲಗು, ಒಟ್ಟು ಒಂಬತ್ತು ಅಂಗುಲದ ಉದ್ದ ಮೀರದ ಕೃಪಾಣಕ್ಕೆ 2022ರಲ್ಲಿ ಅನುಮತಿ ಕೊಡಲಾಯಿತು.

ಇಂತಹ ವಿನಾಯಿತಿಯಿಂದ ಪೋಲೀಸರ ಕೈ ಕಟ್ಟಿಹಾಕಿದಂತಾಗುವುದೆಂದು ಕೆಲವರು ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಕೃಪಾಣವನ್ನೆತ್ತಿ ಹೊಡೆದವನಿಗೆ ಯಾವ ವಿನಾಯಿತಿಯೂ ಇಲ್ಲ. ಧರಿಸಲು ಅನುಮತಿಯಿದೆಯೇ ಹೊರತು ಬೀಸಲು ಇಲ್ಲ. ಪೋಲೀಸಿನವನು ಅಲಗನ್ನು ಮಾತ್ರ ನೋಡದೆ ಮನುಷ್ಯನನ್ನೂ ಸಂದರ್ಭವನ್ನೂ ನೋಡಬೇಕಾಗುತ್ತದೆ. ಅದು ಶ್ರಮದ ಕೆಲಸವೇ ಸರಿ. ಆದರೆ ಅಷ್ಟು ಶ್ರಮವನ್ನು ಬಡ ಕೆಲಸಗಾರನ ವಿಷಯದಲ್ಲಿಯೂ ವಹಿಸಬೇಕೆಂಬುದೇ ನಮ್ಮ ಕೋರಿಕೆ. ಸಿಖ್ಖರ ಬೆನ್ನಿಗೆ ಸಂಘಟಿತ ಸಮಾಜವಿದೆ; ನಮ್ಮ ಹುಡುಗನ ಬೆನ್ನಿಗೆ ಯಾರಿದ್ದಾರೆ?

ಆದುದರಿಂದ ಹೋಟೆಲು ಬಂಧುಗಳಲ್ಲಿ ನಮ್ಮ ವಿಜ್ಞಾಪನೆ: ಚೂರಿಗಳನ್ನು ಅಡಿಗೆಮನೆಯಲ್ಲಿಯೇ ಬಿಟ್ಟುಬನ್ನಿರಿ. ಒಯ್ಯಲೇಬೇಕಾದರೆ ಪಾತ್ರೆ, ಸೌಟುಗಳೊಡನೆ ಕಟ್ಟಿ, ಧಣಿಗಳ ಚೀಟಿಯೊಂದನ್ನು ಜೊತೆಗಿಟ್ಟುಕೊಳ್ಳಿರಿ. ಧಣಿಗಳೂ ಆ ಚೀಟಿ ಬರೆದುಕೊಡಲು ಬೇಸರಪಡಬಾರದು. ಅಂದು ನಾವು ಬರೆದುಕೊಟ್ಟಿದ್ದರೆ ಭಟ್ಟರಿಗೆ ಆ ರಾತ್ರಿ ನಿದ್ರೆ ಕೆಡುತ್ತಿರಲಿಲ್ಲ.