ಸಿಲಿಕಾಯುಕ್ತ ಜೇಡುಶಿಲೆ

ಸಿಲಿಕಾಯುಕ್ತ ಜೇಡುಶಿಲೆಯು ಸಾಮಾನ್ಯ ಜೇಡುಶಿಲೆಗಿಂತ (ಶೇಲ್) ಹೆಚ್ಚು ಸಿಲಿಕಾ ಹೊಂದಿರುವ ಸೂಕ್ಷ್ಮಕಣಗಳ ಜಲಜ ಶಿಲೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮಯೋಸೀನ್ ಯುಗದ ಮಾಂಟೆರೆ ಶಿಲಾಸ್ತೋಮ ಇದರ ಪ್ರಸಿದ್ಧ ಉದಾಹರಣೆ.

ಜೈವಿಕ ಮೂಲ

ಡಯಾಟಮ್‌ಗಳೆಂಬ ಏಕಕೋಶ ಶೈವಲಗಳು ನೀರಿನಲ್ಲಿ ಕರಗಿರುವ ಸಿಲಿಕಾವನ್ನು ಹೀರಿ ಓಪಲ್‌ನ ಕವಚ ಕಟ್ಟಿಕೊಳ್ಳುತ್ತವೆ. ಪೋಷಕಾಂಶಭರಿತ ಆಳದ ನೀರು ಮೇಲೇರುವ ಕಡಲುಗಳಲ್ಲಿ ಇವು ಅಪಾರವಾಗಿ ಬೆಳೆಯುತ್ತವೆ. ಸತ್ತ ಡಯಾಟಮ್‌ಗಳು ಆಮ್ಲಜನಕ ವಿರಳವಾಗಿರುವ ತಳದಲ್ಲಿ ಸಂಚಯವಾದಾಗ, ಅವುಗಳ ಜೈವಿಕಾಂಶವು ಪೂರ್ತಿ ಕೊಳೆಯದೆ ಕವಚಗಳೊಡನೆ ಹೂತುಹೋಗುತ್ತದೆ. ಹೂಳು ಆಳಕ್ಕಿಳಿದು ಬಿಸಿಯೇರಿದಂತೆ ಅಸ್ಫಟಿಕ ಓಪಲ್ ಮೊದಲು ಓಪಲ್-ಸಿಟಿ ಆಗಿ, ಅನಂತರ ಬೆಣಚು (ಕ್ವಾರ್ಟ್ಸ್) ಆಗಿ ಮಾರ್ಪಡುತ್ತದೆ. ಕವಚಗಳ ಆಕಾರ ಅಳಿಯುವುದರಿಂದ ಶಿಲೆಯ ಜೈವಿಕ ಮೂಲ ಸುಲಭವಾಗಿ ಗೋಚರಿಸದು.

ಪೆಟ್ರೋಲಿಯಂ ಸಾಮರ್ಥ್ಯ

ಹೂತ ಜೈವಿಕಾಂಶವು ಕೆರೊಜೆನ್ ಆಗಿ, ಶಾಖ ಹೆಚ್ಚಿದಾಗ ತೈಲವಾಗುತ್ತದೆ. ಮಾಂಟೆರೆಯ ಕೆರೊಜೆನ್‌ನಲ್ಲಿ ಗಂಧಕ ಅಧಿಕವಾಗಿರುವುದರಿಂದ ತುಲನಾತ್ಮಕವಾಗಿ ಕಡಿಮೆ ಉಷ್ಣತೆಯಲ್ಲೇ ತೈಲ ಉತ್ಪತ್ತಿಯಾಗುತ್ತದೆ. ಬೆಣಚಾದ ಶಿಲೆ ಪೆಡಸಾಗಿ ಬಿರುಕು ಬಿಡುತ್ತದೆ. ಈ ಬಿರುಕುಗಳಲ್ಲಿ ತೈಲ ಹರಿಯಬಲ್ಲದು. ಹೀಗಾಗಿ ಇದು ಮೂಲಶಿಲೆಯೂ ಹೌದು, ಸಂಗ್ರಹಶಿಲೆಯೂ ಹೌದು. ಬೆಣಚಾಗದ ಡಯಾಟಮೈಟ್ ಬಹಳ ರಂಧ್ರಮಯವಾದರೂ ರಂಧ್ರಗಳು ಅತಿ ಸೂಕ್ಷ್ಮವಾದ್ದರಿಂದ ತೈಲ ಸುಲಭವಾಗಿ ಹರಿಯದು.

ಅಂದಾಜುಗಳು

ಮಾಂಟೆರೆ ಶೇಲ್‌ನಿಂದ 1,540 ಕೋಟಿ ಬ್ಯಾರೆಲ್ ತೈಲ ತೆಗೆಯಬಹುದೆಂದು ಅಮೆರಿಕದ ಇಂಧನ ಮಾಹಿತಿ ಆಡಳಿತವು 2011ರಲ್ಲಿ ಪ್ರಕಟಿಸಿತ್ತು. 2014ರಲ್ಲಿ ಆ ಅಂದಾಜನ್ನು 60 ಕೋಟಿಗೆ ಇಳಿಸಲಾಯಿತು. ಇಲ್ಲಿನ ಸ್ತರಗಳು ಮಡಿಕೆ, ಸ್ತರಭಂಗಗಳಿಂದ ಜಟಿಲವಾಗಿವೆ. ಉತ್ಪತ್ತಿಯಾದ ತೈಲದ ಬಹುಭಾಗ ಮೂಲಶಿಲೆಯಿಂದ ಆಗಲೇ ಹೊರಹರಿದು ಸಾಂಪ್ರದಾಯಿಕ ನಿಕ್ಷೇಪಗಳನ್ನು ಸೇರಿದೆ. ಆದ್ದರಿಂದ ಜೈವಿಕಾಂಶದ ಸಮೃದ್ಧಿಯೊಂದರಿಂದಲೇ ತೈಲದ ಲಭ್ಯತೆಯನ್ನು ನಿರ್ಣಯಿಸಲಾಗದು.