ನಿಮಗಿದು ಗೊತ್ತೆ? ಘಟ್ಟ ಹತ್ತಿದರೆ ಟೈರಿನ ಒತ್ತಡವೂ ಏರುತ್ತದೆ!

ಮಂಗಳೂರಿನಲ್ಲಿ 30 ಪಿಎಸ್‌ಐ ಗಾಳಿ ಹಾಕಿಸಿದ ಜೀಪು ಘಟ್ಟ ಹತ್ತಿ ಬೆಂಗಳೂರಿನ ಯಲಹಂಕಕ್ಕೆ ಬಂದರೆ, ಚೂರೂ ಗಾಳಿ ಸೇರಿಸದಿದ್ದರೂ ಮೀಟರ್ 31.5ರ ಹತ್ತಿರ ತೋರಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಅಷ್ಟು ಕಡಿಮೆ. ಮೀಟರ್ ಅಳೆಯುವುದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು ಮಾತ್ರ. ಇದು ಎರಡೂ ಕಡೆ ಒಂದೇ ತಾಪಮಾನವಿದ್ದಾಗಿನ ಲೆಕ್ಕ. ಬೆಂಗಳೂರಿನ ಹವೆ 10 ಡಿಗ್ರಿ ತಂಪಾಗಿದ್ದರೆ ಏರಿದ್ದೆಲ್ಲ ಇಳಿದುಹೋಗುತ್ತದೆ.

ಎತ್ತರಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಓಟದ ಬಿಸಿ. ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ವೇಗವಾಗಿ ಬಂದ ಟೈರು ಮೂರು-ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುವುದುಂಟು. ಹಾಗಾಗಿ ಅಳತೆ ಬೆಳಿಗ್ಗೆ, ಗಾಡಿ ತೆಗೆಯುವ ಮುನ್ನ. ಬಿಸಿ ಟೈರಿನ ಗಾಳಿ ಬಿಡಬಾರದು.

ದಿನನಿತ್ಯದ ಓಡಾಟಕ್ಕೆ ಬೇಕಾದ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದರೆ ಕಾಣುವ ಸ್ಟಿಕರ್‌ನಲ್ಲಿರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ 44 ಅಥವಾ 51 ಗರಿಷ್ಠ ಮಿತಿಯಷ್ಟೇ. ಅಷ್ಟು ತುಂಬಿದರೆ ಟೈರಿನ ನಡುಭಾಗ ಬೇಗ ಸವೆಯುತ್ತದೆ, ಗುಂಡಿಗಳ ಪೆಟ್ಟು ನೇರ ಬೆನ್ನಿಗೆ. ಮರಳು, ಕೆಸರಿಗೆಂದು 20ಕ್ಕೆ ಇಳಿಸಿದವರು ಡಾಂಬರು ರಸ್ತೆಗೆ ಬರುವಾಗ ಮತ್ತೆ ತುಂಬಿಸಿಕೊಳ್ಳಬೇಕು. ಅರೆಗಾಳಿಯಲ್ಲಿ ವೇಗ ಹೆಚ್ಚಿದರೆ ಟೈರು ಕಾದು ಒಡೆಯಬಹುದು.